ಎಪ್ಪತ್ತು ಕಿಲೋ ತೂಕದ ಗಂಡಸು

ವೈದ್ಯಶಾಸ್ತ್ರ ಓದಿದ ಪ್ರತಿಯೊಬ್ಬರಿಗೂ ಒಬ್ಬ ಗಂಡಸಿನ ಪರಿಚಯವಿರುತ್ತದೆ. ಅವನ ತೂಕ 70 ಕಿಲೋ. ಹೃದಯವು ನಿಮಿಷಕ್ಕೆ ಎಷ್ಟು ರಕ್ತವನ್ನು ಹೊರಹಾಕುತ್ತದೆ, ಮೂತ್ರಪಿಂಡಗಳು ಎಷ್ಟನ್ನು ಶೋಧಿಸುತ್ತವೆ, ದೇಹದಲ್ಲಿ ನೀರೆಷ್ಟು ಎಂಬ ಲೆಕ್ಕಗಳೆಲ್ಲ ಬಹುಮಟ್ಟಿಗೆ ಅವನ ದೇಹದ ಲೆಕ್ಕಗಳೇ. ನಾವು ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ಸಮುದಾಯ ವೈದ್ಯಶಾಸ್ತ್ರದ ಪಠ್ಯದಲ್ಲಿ ಅವನ ಭಾರತೀಯ ತಮ್ಮನೊಬ್ಬನೂ ಇದ್ದ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರ 60 ಕಿಲೋ ತೂಕದ ಮಾದರಿ ಪುರುಷ. ದಿನಕ್ಕೆ 8 ಗಂಟೆ ದುಡಿಮೆ, 8 ಗಂಟೆ ಹಾಸಿಗೆ, ನಾಲ್ಕಾರು ಗಂಟೆ ಕುಳಿತು ಓಡಾಡುವುದು, 2 ಗಂಟೆ ನಡಿಗೆ, ವಿನೋದ ಅಥವಾ ಮನೆಗೆಲಸ. ಅವನ ಪಕ್ಕದಲ್ಲಿ 50 ಕಿಲೋ ತೂಕದ ಮಾದರಿ ಸ್ತ್ರೀ. ಆಕೆಯ ದುಡಿಮೆಗೆ ಕೊಟ್ಟ ಮೊದಲ ಉದಾಹರಣೆಯೇ ಸಾಮಾನ್ಯ ಮನೆಗೆಲಸ. ಪರೀಕ್ಷೆಗಾಗಿ ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಿದೆವು. ಗಂಡಸಿಗೆ ವಿನೋದದ ಸಾಲಿನಲ್ಲಿರುವ ಕೆಲಸ ಹೆಂಗಸಿಗೆ ದುಡಿಮೆಯ ಸಾಲಿಗೆ ಹೇಗೆ ದಾಟಿತು ಎಂದು ಯಾರೂ ಕೇಳಲಿಲ್ಲ. ಆ ಪ್ರಶ್ನೆ ಪ್ರಶ್ನೆಪತ್ರಿಕೆಯಲ್ಲಿ ಬರುವಂಥದ್ದಲ್ಲ.

ಅಂಥ ಪ್ರಶ್ನೆಗಳನ್ನು ಕೇಳುವುದನ್ನೇ ಕಾಯಕವಾಗಿಸಿಕೊಂಡ ಒಂದು ವಿಭಾಗವು ನಮ್ಮ ನಾರ್‌ಕ್ರಾಸ್‌ನಿಂದ ಅರ್ಧ ಗಂಟೆಯ ಹಾದಿಯಲ್ಲಿದೆ; ಸಂಜೆಯ ವಾಹನದಟ್ಟಣೆಯಲ್ಲಾದರೆ ಒಂದು ಗಂಟೆ. ಎಮರಿ ವಿಶ್ವವಿದ್ಯಾಲಯದ ಮಹಿಳಾ, ಲಿಂಗತ್ವ ಮತ್ತು ಲೈಂಗಿಕತಾ ಅಧ್ಯಯನ ವಿಭಾಗವನ್ನು ಕುರಿತು ಹೇಳುತ್ತಿದ್ದೇವೆ. ಮಹಿಳಾ ಅಧ್ಯಯನದಲ್ಲಿ ಪಿಎಚ್.ಡಿ. ಪದವಿ ನೀಡುವ ಅಮೆರಿಕದ ಮೊದಲ ವ್ಯವಸ್ಥೆ 1990ರಲ್ಲಿ ಆರಂಭವಾದದ್ದು ಅಲ್ಲಿಯೇ. ನಗರದ ಇನ್ನೊಂದು ತುದಿಯಲ್ಲಿ ಸ್ಪೆಲ್ಮನ್ ಕಾಲೇಜಿದೆ. ಕಪ್ಪು ಮಹಿಳೆಯರ ಆ ಕಾಲೇಜಿನಲ್ಲಿ ಬೆವರ್ಲಿ ಗೈ-ಶೆಫ್ಟಾಲ್ ಅವರು 1981ರಲ್ಲೇ ಮಹಿಳಾ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಕೂಟದ ಆರೋಗ್ಯ ಶಿಬಿರದಲ್ಲಿ ರಕ್ತದೊತ್ತಡ, ಸಕ್ಕರೆ ನೋಡುವ ನಾವು ನಾಲ್ವರು ಸ್ವಯಂಸೇವಕರು ಇಂಥ ವಿಭಾಗಗಳ ಸಾರ್ವಜನಿಕ ಉಪನ್ಯಾಸಗಳಿಗೆ ಆಗಾಗ ಹೋಗಿಬರುತ್ತೇವೆ. ಪ್ರವೇಶ ಉಚಿತ. ಕೊನೆಯಲ್ಲಿ ಬಿಸ್ಕತ್ತು ಮತ್ತು ಕಾಫಿ ಇರುತ್ತವೆ. ಕಾಫಿಯ ಬಗ್ಗೆ ಕನ್ನಡಿಗರಾದ ನಾವು ಏನನ್ನೂ ಹೇಳದಿರುವುದು ಲೇಸು.

‘ಜೆಂಡರ್’ ಎಂಬ ಶಬ್ದ ನಮ್ಮ ಮನೆಗಳಿಗೆ ಬಂದಿರುವುದು ಹೆಚ್ಚಾಗಿ ಕೇಕಿನ ಮೂಲಕ. ಇಪ್ಪತ್ತನೆಯ ವಾರದ ಸ್ಕ್ಯಾನ್ ಆದ ಮೇಲೆ ಬಂಧುಮಿತ್ರರನ್ನು ಕರೆದು, ಕೇಕು ಕತ್ತರಿಸಿ, ಒಳಗೆ ಗುಲಾಬಿಯೋ ನೀಲಿಯೋ ನೋಡಿ ಚಪ್ಪಾಳೆ ತಟ್ಟುವ ‘ಜೆಂಡರ್ ರಿವೀಲ್’ ಸಮಾರಂಭಗಳು ನಮ್ಮವರಲ್ಲೂ ರೂಢಿಯಾಗಿವೆ. ಊರಿನಿಂದ ಬಂದ ಅಜ್ಜಿಯರು ಇದನ್ನು ಕಂಡು ಬೆರಗಾಗುತ್ತಾರೆ. ಊರಿನ ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಭ್ರೂಣಲಿಂಗ ಪತ್ತೆ ಅಪರಾಧವೆಂಬ ಫಲಕ ತೂಗುತ್ತಿರುತ್ತದೆಯಲ್ಲವೇ? ಆ ಫಲಕದ ಹಿಂದೆ 1994ರ ಕಾಯಿದೆ ಇದೆ. ಕಾಯಿದೆಯ ಹಿಂದೆ ಹಳೆಯದೊಂದು ಲೆಕ್ಕವಿದೆ. ಭಾರತ ಸರ್ಕಾರ 1971ರಲ್ಲಿ ನೇಮಿಸಿದ, ಮಹಿಳೆಯರ ಸ್ಥಾನಮಾನ ಕುರಿತ ಸಮಿತಿಯು 1974ರಲ್ಲಿ ವರದಿ ಒಪ್ಪಿಸಿತು. ಸಾವಿರ ಗಂಡಸರಿಗೆ 1901ರಲ್ಲಿ 972 ಇದ್ದ ಹೆಂಗಸರ ಸಂಖ್ಯೆ 1971ರ ವೇಳೆಗೆ 930ಕ್ಕೆ ಇಳಿದಿತ್ತು. ಭಾರತದಲ್ಲಿ ಮಹಿಳಾ ಅಧ್ಯಯನವೆಂಬ ಶಾಸ್ತ್ರ ಬೇರೂರಿದ್ದು ಬಹುಪಾಲು ಆ ವರದಿಯ ಆಘಾತದಿಂದ, ಕಾಣೆಯಾದವರ ಎಣಿಕೆಯಿಂದ. ಸ್ಕ್ಯಾನು ತೋರಿಸುವುದು ಲಿಂಗವನ್ನು. ಕೇಕು ಕತ್ತರಿಸಿದ ಕ್ಷಣದಿಂದ ಆ ಮಗುವಿಗೆ ಏನನ್ನು ಕೊಡುತ್ತೇವೆ, ಏನನ್ನು ಕೊಡುವುದಿಲ್ಲ, ಯಾವ ನೋವನ್ನು ನಂಬುತ್ತೇವೆ, ಯಾವುದನ್ನು ನಂಬುವುದಿಲ್ಲ ಎಂಬುದನ್ನು ಈ ವಿಭಾಗದವರು ಅಧ್ಯಯನ ಮಾಡುತ್ತಾರೆ. ಅದಕ್ಕೆ ಕನ್ನಡದಲ್ಲಿ ‘ಲಿಂಗತ್ವ’ ಎಂಬ ಶಬ್ದ ಈಗ ಚಾಲ್ತಿಯಲ್ಲಿದೆ.

ನೋವನ್ನು ನಂಬುವ ಮಾತು ಬಂದದ್ದರಿಂದ, ನಾವು ಕೇಳಿದ ಉಪನ್ಯಾಸವೊಂದನ್ನು ಇಲ್ಲಿ ಹೇಳಬೇಕು. ಅದರ ವಿಷಯ ಜೆ. ಮೇರಿಯನ್ ಸಿಮ್ಸ್. ಹೆರಿಗೆ ವಿಭಾಗದಲ್ಲಿ ಕೆಲಸ ಕಲಿತ ವೈದ್ಯರೆಲ್ಲರೂ ಸಿಮ್ಸ್ ಸ್ಪೆಕ್ಯುಲಮ್ ಎಂಬ ಉಪಕರಣವನ್ನು ಕೈಯಲ್ಲಿ ಹಿಡಿದವರೇ. ನಮಗೂ ಅದು ಒಂದು ಹೆಸರಾಗಿತ್ತು, ಅಷ್ಟೆ. 1813ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಹುಟ್ಟಿದ ಈತ 1840ರ ದಶಕದಲ್ಲಿ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಗುಲಾಮ ಮಹಿಳೆಯರ ಮೇಲೆ ಶಸ್ತ್ರಚಿಕಿತ್ಸೆಯ ಪ್ರಯೋಗಗಳನ್ನು ನಡೆಸಿದ. ಕಷ್ಟದ ಹೆರಿಗೆಯಿಂದ ಮೂತ್ರಕೋಶಕ್ಕೆ ರಂಧ್ರವಾಗಿ ಮೂತ್ರ ನಿರಂತರ ಸೋರುತ್ತಿದ್ದ ಹೆಂಗಸರು ಅವರು. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂರು ಹೆಸರುಗಳು ಮಾತ್ರ ಉಳಿದಿವೆ. ಅನಾರ್ಕಾಳೊಬ್ಬಳಿಗೇ ಸುಮಾರು 30 ಬಾರಿ ಶಸ್ತ್ರಕ್ರಿಯೆ ನಡೆಯಿತು, ಅರಿವಳಿಕೆಯಿಲ್ಲದೆ. ಅರಿವಳಿಕೆಯ ಕಥೆಗೆ ನಮ್ಮ ನೆರೆಯ ಸಂಬಂಧವೂ ಇದೆ: ನಾರ್‌ಕ್ರಾಸ್‌ನಿಂದ ಐ-85 ಹಿಡಿದು ಒಂದು ಗಂಟೆಯೊಳಗೆ ತಲಪಬಹುದಾದ ಜೆಫರ್ಸನ್ ಎಂಬ ಊರಿನಲ್ಲಿ ಕ್ರಾಫರ್ಡ್ ಲಾಂಗ್ ಎಂಬ ವೈದ್ಯ 1842ರಲ್ಲಿ ಈಥರ್ ಬಳಸಿ ಶಸ್ತ್ರಚಿಕಿತ್ಸೆ ಮಾಡಿದ್ದ. 1846ರ ಬಾಸ್ಟನ್ ಪ್ರದರ್ಶನದ ನಂತರ ಈಥರ್ ಲೋಕಕ್ಕೇ ತಿಳಿಯಿತು. ಆ ಮೇಲೆಯೂ ಮಾಂಟ್‌ಗೊಮರಿಯ ಆ ಹೆಂಗಸರಿಗೆ ಅದು ದೊರಕಲಿಲ್ಲ. ಕಪ್ಪು ಹೆಂಗಸರಿಗೆ ನೋವು ಕಡಿಮೆ ಎಂಬ ನಂಬಿಕೆ ಆ ಕಾಲದ ವೈದ್ಯರಲ್ಲಿ ವ್ಯಾಪಕವಾಗಿತ್ತು. ಡೀರ್ಡ್ರಾ ಕೂಪರ್ ಓವೆನ್ಸ್ ಅವರ ‘ಮೆಡಿಕಲ್ ಬಾಂಡೇಜ್’ ಎಂಬ ಗ್ರಂಥ ಇದೇ ಚರಿತ್ರೆಯನ್ನು ವಿವರಿಸುತ್ತದೆ. ಅದನ್ನು 2017ರಲ್ಲಿ ಪ್ರಕಟಿಸಿದ್ದು ಜಾರ್ಜಿಯಾ ವಿಶ್ವವಿದ್ಯಾಲಯದ ಮುದ್ರಣಾಲಯ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಸಿಮ್ಸ್ ಪ್ರತಿಮೆಯನ್ನು 2018ರ ಏಪ್ರಿಲ್‌ನಲ್ಲಿ ತೆಗೆದರು. ಮಾಂಟ್‌ಗೊಮರಿಯಲ್ಲಿ 2021ರಲ್ಲಿ ಮಿಶೆಲ್ ಬ್ರೌಡರ್ ಎಂಬ ಕಲಾವಿದೆ ಆ ಮೂವರು ಹೆಂಗಸರ ಪ್ರತಿಮೆಗಳನ್ನು ನಿಲ್ಲಿಸಿದರು.

ಇದು ಗತಕಾಲದ ಮಾತೆಂದು ಕೆಲವರಿಗೆ ಅನ್ನಿಸಬಹುದು. ನಿದ್ರೆಗೆ ಕೊಡುವ ಜೋಲ್ಪಿಡೆಮ್ ಮಾತ್ರೆಯನ್ನು ನೋಡಿ. ಅದು ಈ ದೇಶದ ಮಾರುಕಟ್ಟೆಗೆ ಬಂದದ್ದು 1990ರ ದಶಕದ ಆರಂಭದಲ್ಲಿ. ಹೆಂಗಸರ ದೇಹ ಅದನ್ನು ನಿಧಾನವಾಗಿ ಕರಗಿಸುವುದರಿಂದ ಮರುದಿನ ಬೆಳಿಗ್ಗೆ ಕಾರು ಓಡಿಸುವಾಗಲೂ ಮಂಪರು ಉಳಿದಿರಬಹುದೆಂದು ಹೇಳಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯವರು ಹೆಂಗಸರ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿದ್ದು 2013ರ ಜನವರಿಯಲ್ಲಿ. ಇಪ್ಪತ್ತು ವರ್ಷ ನಮ್ಮ ಅಕ್ಕತಂಗಿಯರು ನುಂಗಿದ್ದು ಆ 70 ಕಿಲೋ ಗಂಡಸಿನ ಮಾತ್ರೆಯನ್ನು.

ಈ ಉಪನ್ಯಾಸಗಳಿಂದ ನಮ್ಮ ಶಿಬಿರದಲ್ಲಿ ಆದ ಬದಲಾವಣೆ ಬಹಳ ಚಿಕ್ಕದು. ಮೊದಲು ಗಂಡ ಹೆಂಡತಿ ಒಟ್ಟಿಗೆ ಮೇಜಿನ ಮುಂದೆ ಕೂರುತ್ತಿದ್ದರು. ಈಗ ಪ್ರತಿಯೊಬ್ಬರೊಂದಿಗೂ ಐದು ನಿಮಿಷ ಪ್ರತ್ಯೇಕವಾಗಿ ಮಾತನಾಡುತ್ತೇವೆ. “ಏನ್ ಡಾಕ್ಟ್ರೇ, ನಮ್ಮನ್ನೇ ಆಚೆ ಹಾಕ್ತೀರಲ್ಲ?” ಎಂದು ನಗುತ್ತಲೇ ಗೊಣಗಿದವರುಂಟು. ಮಗಳ ಬಾಣಂತನಕ್ಕೆಂದು ಬಂದಿದ್ದ ಅರವತ್ತು ದಾಟಿದ ತಾಯಿಯೊಬ್ಬರು ಈ ಹೊಸ ಪದ್ಧತಿಯ ಮೊದಲ ವರ್ಷ ನಮ್ಮ ಮುಂದೆ ಕುಳಿತರು. ಅದಕ್ಕೆ ಮುಂಚೆಯೇ ಅವರ ಯಜಮಾನರು ರೋಗನಿರ್ಣಯ ಮುಗಿಸಿದ್ದರು: “ಅವಳಿಗೇನಿಲ್ಲ, ಗ್ಯಾಸ್ಟ್ರಿಕ್ಕು. ಹೊತ್ತಿಗೆ ಸರಿಯಾಗಿ ಊಟ ಮಾಡಲ್ಲ.” ಅವರು ಕಾಫಿಯ ಕಡೆ ನಡೆದ ಮೇಲೆ ಆ ತಾಯಿ ತಗ್ಗಿದ ದನಿಯಲ್ಲಿ ಹೇಳಿದ್ದು ಬೇರೆ. ಕೂಸನ್ನೆತ್ತಿಕೊಂಡು ಮಹಡಿ ಹತ್ತುವಾಗ ದವಡೆಯಿಂದ ಬೆನ್ನಿನವರೆಗೆ ಹಿಡಿದಂತಾಗುತ್ತದೆ, ಬೆವರುತ್ತದೆ, ಕುಳಿತರೆ ಸರಿಹೋಗುತ್ತದೆ, ತಿಂಗಳಿನಿಂದ ಹೀಗೆ. ಯಾಕಮ್ಮಾ ಮಗಳಿಗೆ ಹೇಳಲಿಲ್ಲ ಎಂದರೆ, “ಹಸಿ ಬಾಣಂತಿ, ಅವಳಿಗ್ಯಾಕೆ ಚಿಂತೆ? ಅಳಿಯಂದ್ರಿಗೆ ಖರ್ಚು” ಎಂದರು. ಹೃದಯಾಘಾತದಲ್ಲಿ ಎದೆನೋವು ಹೆಂಗಸರಿಗೂ ಮುಖ್ಯ ಲಕ್ಷಣವೇ. ಆದರೆ ದವಡೆ, ಬೆನ್ನು, ವಾಕರಿಕೆ, ಏದುಸಿರು, ವಿಪರೀತ ಸುಸ್ತು ಅವರಲ್ಲಿ ಹೆಚ್ಚಾಗಿ ಜೊತೆಗೂಡುತ್ತವೆ. ಅವನ್ನು ಗ್ಯಾಸ್ಟ್ರಿಕ್ಕೆಂದು ಕರೆದು ಮುಗಿಸುವುದು ನಮ್ಮ ನಾಡಿನ ರೂಢಿ. ಅಂದು ಮಧ್ಯಾಹ್ನವೇ ಅವರನ್ನು ತುರ್ತು ಚಿಕಿತ್ಸೆಗೆ ಕಳುಹಿಸಿದೆವು. ರಕ್ತನಾಳಕ್ಕೆ ಸ್ಟೆಂಟ್ ಹಾಕಬೇಕಾಯಿತು. ಸಂದರ್ಶಕರ ವಿಮೆಯ ನಿಯಮಗಳೊಂದಿಗೆ ಆ ಕುಟುಂಬ ನಡೆಸಿದ ಹೋರಾಟ ಇನ್ನೊಂದು ಲೇಖನಕ್ಕಾಗುವಷ್ಟಿದೆ. ತಾಯಿ ಮಾತ್ರ ಗುಣವಾಗಿ, ಮೊಮ್ಮಗುವಿನ ನಾಮಕರಣ ಮುಗಿಸಿಕೊಂಡೇ ಊರಿಗೆ ಮರಳಿದರು.

ಆ ಐದು ನಿಮಿಷಗಳಲ್ಲಿ ಎಲ್ಲರೂ ಹೃದಯದ ನೋವನ್ನೇ ಹೇಳುವುದಿಲ್ಲ. ದಕ್ಷಿಣ ಏಷ್ಯಾದ ಕುಟುಂಬಗಳಿಗಾಗಿ 1995ರಿಂದ ಅಟ್ಲಾಂಟಾದಲ್ಲಿ ಕೆಲಸ ಮಾಡುತ್ತಿರುವ ‘ರಕ್ಷಾ’ ಸಂಸ್ಥೆಯ ದೂರವಾಣಿ ಸಂಖ್ಯೆಯನ್ನು ಮೇಜಿನ ಮೇಲಿಟ್ಟಿರುತ್ತೇವೆ. ಇದಕ್ಕಿಂತ ಹೆಚ್ಚು ಇಲ್ಲಿ ಬರೆಯುವುದು ಉಚಿತವಲ್ಲ.

ಕೂಟದ ಹಿರಿಯರೊಬ್ಬರು ನಮ್ಮ ಈ ಆಸಕ್ತಿಯನ್ನು ಕಂಡು, “ಇವೆಲ್ಲ ಸಂಸಾರ ಒಡೆಯುವ ಮಾತುಗಳಪ್ಪಾ, ಅಮೆರಿಕದವರಿಗೆ ಸರಿ” ಎಂದರು. ಅವರ ಆತಂಕ ನಮಗೆ ಅರ್ಥವಾಗುತ್ತದೆ. ಪರದೇಶದಲ್ಲಿ ಸಂಸಾರವೇ ನಮ್ಮ ಊರು. ಆದರೆ ಇದು ಅಮೆರಿಕದ ಸರಕೆಂಬುದನ್ನು ಒಪ್ಪಲಾರೆವು. ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದ್ದು 1979ರಲ್ಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ವಿಭಾಗವಿದೆ. ವಿಜಯಪುರದಲ್ಲಿ 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯ ಇಂದು ಅಕ್ಕಮಹಾದೇವಿಯ ಹೆಸರನ್ನು ಹೊತ್ತಿದೆ. ಜೋಗತಿ ನೃತ್ಯದ ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿಗಳ ಮುಂದೆ ಅವರು ಸೆರಗಿನಿಂದ ದೃಷ್ಟಿ ತೆಗೆದ ದೃಶ್ಯವನ್ನು ಆ ಹಿರಿಯರೇ ಕೂಟದ ವಾಟ್ಸಾಪ್ ಗುಂಪಿನಲ್ಲಿ ಹೆಮ್ಮೆಯಿಂದ ಹಂಚಿದ್ದರು.

ನಮಗಿರುವ ತಕರಾರು ಬೇರೆಯದು: ‘ಸಾರ್ವಜನಿಕ’ ಎಂಬ ಶಬ್ದ. ಉಪನ್ಯಾಸ ಎಲ್ಲರಿಗೂ ಮುಕ್ತ, ನಿಜ. ಆದರೆ ಅಲ್ಲಿಗೆ ಹೋಗುವುದು ಹೇಗೆ? ನಮ್ಮ ಗ್ವಿನೆಟ್ ಕೌಂಟಿಯ ಮತದಾರರು 1971ರಲ್ಲಿ, 1990ರಲ್ಲಿ, ಮತ್ತೆ 2019ರಲ್ಲಿ ಮಾರ್ಟಾ ಬೇಡವೆಂದರು. ರೈಲು ಡೋರವಿಲ್ಲಿನಲ್ಲಿಯೇ ನಿಲ್ಲುತ್ತದೆ. ಎಮರಿಗಂತೂ ರೈಲೇ ಇಲ್ಲ. ಎಚ್-4 ವೀಸಾದ ಮೇಲೆ ಬಂದು, ಒಂದೇ ಕಾರಿರುವ ಮನೆಯಲ್ಲಿ ಆ ಕಾರು ಸಂಜೆ ಏಳಕ್ಕೆ ಮರಳುವುದನ್ನು ಕಾಯುವ ಹೆಣ್ಣುಮಗಳಿಗೆ, ಬಾಣಂತನಕ್ಕೆ ಬಂದ ತಾಯಿಗೆ, ಆ ಹದಿನೈದು ಮೈಲಿ ಬಹಳ ದೂರ. ಯಾರ ಬದುಕನ್ನು ಕುರಿತು ಮಾತು ನಡೆಯುತ್ತದೆಯೋ ಅವರ ಕುರ್ಚಿಗಳೇ ಖಾಲಿ. ಕಳೆದ ವರ್ಷ ಎರಡು ಕಾರುಗಳಲ್ಲಿ ಏಳು ಮಂದಿ ಹೋದೆವು. ಮುಂದಿನ ಆಸನದಲ್ಲಿ ಕುಳಿತವರು ಆ ಹಿರಿಯರ ಪತ್ನಿಯೇ. ಉಪನ್ಯಾಸ ಮುಗಿದ ಮೇಲೆ ಎದ್ದು ನಿಂತು, ನಿಧಾನವಾದ ಇಂಗ್ಲಿಷಿನಲ್ಲಿ, ಮನೆಗೆಲಸದ ಗಂಟೆಗಳನ್ನು ಯಾರು ಎಣಿಸುತ್ತಾರೆ ಎಂದು ಕೇಳಿದವರೂ ಅವರೇ. ಮರಳುವ ದಾರಿಯುದ್ದಕ್ಕೂ ಭಾಷಣಕಾರರ ಉತ್ತರ ಸಾಲದೆಂದು ವಾದಿಸಿದರು.

ಈ ಸೆಮಿಸ್ಟರಿನಲ್ಲಿ ಮೂರು ಕಾರುಗಳನ್ನು ಹೊರಡಿಸುವ ಯೋಚನೆಯಿದೆ. ಜಿಮ್ಮಿ ಕಾರ್ಟರ್ ಬುಲೆವಾರ್ಡಿನ ಗ್ಲೋಬಲ್ ಮಾಲ್ ಮುಂದೆ, ಸಂಜೆ 5 ಗಂಟೆಗೆ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಇಬ್ಬರು ಯಜಮಾನರು ಈಗಾಗಲೇ ಒಪ್ಪಿದ್ದಾರೆ, ಇನ್ನೊಬ್ಬರು ಬೇಕು. ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿಯನ್ನು ನಾವೇ ತರುತ್ತೇವೆ.