ನಾವು ನಕ್ಕ ಸುದ್ದಿಯೊಳಗೆ ನಮ್ಮಣ್ಣನೂ ಇದ್ದ

2016ರ ಜೂನ್ 24, ಶುಕ್ರವಾರ. ನಾವು ಆಗ ಪತ್ರಿಕೋದ್ಯಮ ಓದುತ್ತಿದ್ದೆವು. ಬೆಳಿಗ್ಗೆಯಿಂದಲೇ ಡಿಪಾರ್ಟ್‌ಮೆಂಟಿನ ಟೀವಿ ಮುಂದೆ ಗುಂಪು ಸೇರಿತ್ತು. ಐರೋಪ್ಯ ಒಕ್ಕೂಟದಿಂದ ಹೊರಗೆ ಬರಬೇಕು ಎಂದು ಬ್ರಿಟನ್ ಜನ ತೀರ್ಪು ಕೊಟ್ಟಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಮನೆ ಮುಂದೆ ನಿಂತು, ತಾನು ಹುದ್ದೆ ಬಿಡುವುದಾಗಿ ಹೇಳಿದರು. ಅವರ ಪೌಂಡು 1985ರಿಂದ ಈಚೆಗೆ ಕಾಣದಷ್ಟು ಕೆಳಗೆ ಬಿದ್ದಿತ್ತು. ಇತ್ತ ಮುಂಬೈ ಷೇರುಪೇಟೆಯೂ 600ಕ್ಕೂ ಹೆಚ್ಚು ಅಂಶ ಕುಸಿಯಿತು.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಐರೋಪ್ಯ ಒಕ್ಕೂಟ ಅಂದರೆ ಆಗ 28 ದೇಶಗಳ ಕೂಟ. ಒಳಗಿನ ದೇಶಗಳ ನಡುವೆ ಸರಕಿಗೆ ಸುಂಕವಿಲ್ಲ. ಒಂದು ದೇಶದವರು ಇನ್ನೊಂದು ದೇಶಕ್ಕೆ ವೀಸಾ ಇಲ್ಲದೆ ಹೋಗಿ ದುಡಿಯಬಹುದು, ಮನೆ ಮಾಡಬಹುದು. ಈ ಕೂಟದಲ್ಲಿ ಇರಬೇಕಾ, ಬಿಡಬೇಕಾ ಎಂದು ಬ್ರಿಟನ್ ಸರ್ಕಾರ ಜನರನ್ನೇ ಕೇಳಿತು. 'ಹೊರಗೆ' ಎಂದವರು ಶೇ 51.9, 'ಒಳಗೆ' ಎಂದವರು ಶೇ 48.1. ಅಂತರ ಸುಮಾರು 12.7 ಲಕ್ಷ ಮತ.

ಅದೇ ದಿನ ಒಂದು ಸುದ್ದಿ ಪ್ರಪಂಚವೆಲ್ಲ ಸುತ್ತಿತು. ಮತ ಹಾಕಿ ಬಂದ ಮೇಲೆ ಬ್ರಿಟನ್ ಜನ 'ಐರೋಪ್ಯ ಒಕ್ಕೂಟ ಅಂದರೇನು?' ಎಂದು ಗೂಗಲ್‌ನಲ್ಲಿ ಹುಡುಕುತ್ತಿದ್ದಾರಂತೆ! ನಾವು ಬಿದ್ದು ಬಿದ್ದು ನಕ್ಕೆವು. ನಮ್ಮ ಪ್ರಾಯೋಗಿಕ ಪತ್ರಿಕೆಯಲ್ಲಿ ಅದನ್ನೇ ಮುಖಪುಟಕ್ಕೆ ಏರಿಸಿದೆವು. 'ಮೊದಲು ಮತ, ಆಮೇಲೆ ಪಾಠ' ಎಂಬ ತಲೆಬರಹ. ಓದಿಲ್ಲದ ಹಳ್ಳಿ ಜನ, ಮುದುಕರು ಸೇರಿ ದೇಶ ಕೆಡಿಸಿದರು ಎಂಬ ಧಾಟಿಯಲ್ಲಿ ಒಂದೂವರೆ ಕಾಲಂ ಬರೆದೆವು. ಬರೆದ ನಾವೆಲ್ಲರೂ ಹಳ್ಳಿಯವರೇ. ಅದು ಆಗ ನಮಗೆ ಹೊಳೆಯಲೇ ಇಲ್ಲ.

ನಮ್ಮಲ್ಲೊಬ್ಬಳು ಆ ಪುಟದ ಫೋಟೊ ತೆಗೆದು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದಳು. ಆ ಗುಂಪಿನಲ್ಲಿ ಅವಳ ದೊಡ್ಡಪ್ಪನ ಮಗನೂ ಇದ್ದ. ಊರಲ್ಲೆಲ್ಲ ಅವನನ್ನು 'ಲಂಡನ್ ಅಣ್ಣ' ಅನ್ನುತ್ತಾರೆ. ಇರುವುದು ಮಾತ್ರ ಲಂಡನ್ನಿನಲ್ಲಲ್ಲ, ಪಕ್ಕದ ಸ್ಲೌ ಎಂಬ ಪಟ್ಟಣದಲ್ಲಿ. ಸಂಜೆ ಅವನಿಂದ ಫೋನ್ ಬಂತು. ಸ್ಪೀಕರ್‌ಗೆ ಹಾಕಿದಳು.

"ನಿಮ್ಮ ಪೇಪರ್ ಓದಿದೆ ಕಣೇ. ಆ ದಡ್ಡರ ಲೆಕ್ಕಕ್ಕೆ ನನ್ನನ್ನೂ ಸೇರಿಸ್ಕೊ. ನಾನೂ 'ಹೊರಗೆ' ಅಂತಲೇ ಹಾಕಿದ್ದು."

ನಮಗೆ ಮೊದಲು ಅರ್ಥವೇ ಆಗಲಿಲ್ಲ. ಇವನದು ಭಾರತದ ಪಾಸ್‌ಪೋರ್ಟ್, ಇವನು ಹೇಗೆ ಮತ ಹಾಕಿದ? ಅವನೇ ಬಿಡಿಸಿ ಹೇಳಿದ. ಭಾರತ ಕಾಮನ್‌ವೆಲ್ತ್ ದೇಶ. ಅಲ್ಲಿ ನೆಲೆಸಿ, ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿದ ಭಾರತೀಯರಿಗೆ ಆ ದಿನ ಮತದ ಹಕ್ಕಿತ್ತು. ಅವನ ಪಕ್ಕದ ಮನೆಯವರು ಪೋಲೆಂಡಿನವರು, ಹತ್ತು ವರ್ಷದಿಂದ ಅಲ್ಲೇ ಲಾರಿ ಓಡಿಸುತ್ತಿದ್ದರು. ಅವರಿಗೆ ಮತ ಇರಲಿಲ್ಲ. ತೀರ್ಪು ಯಾರ ಬದುಕಿನ ಮೇಲೆ ಬೀಳುವುದಿತ್ತೋ ಅವರೇ ಹೊರಗಿದ್ದರು.

"ಮತ್ತೆ ಯಾಕಣ್ಣ ಹಾಗೆ ಹಾಕಿದೆ?" ಎಂದು ತಂಗಿ ಕೇಳಿದಳು.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. "ಅವರಮ್ಮ ಪೋಲೆಂಡಿನಿಂದ ಬಸ್ ಹತ್ತಿ ಬಂದು ಮಗನ ಮನೇಲಿ ಇದ್ದಾರೆ. ಹಿತ್ತಲಲ್ಲಿ ಟೊಮೆಟೊ ಬೆಳೀತಾರೆ. ನಮ್ಮಮ್ಮನ್ನ ಕರ್ಕೊಂಡು ಬಂದು ಇಟ್ಕೊಳ್ಳೋಕೆ ನನಗೆ ಆಗ್ತಿಲ್ಲ. 2012ರಿಂದ ರೂಲ್ಸ್ ಎಷ್ಟು ಬಿಗಿ ಅಂದ್ರೆ, ಹಾಸಿಗೆ ಹಿಡಿದು, ಊರಲ್ಲಿ ನೋಡೋರು ಯಾರೂ ಇಲ್ಲ ಅಂತ ತೋರಿಸ್ಬೇಕು. ದಿನಾ ಆ ಅಜ್ಜೀನ ನೋಡ್ತೀನಿ. ಯುರೋಪಿನವರಿಗೆ ಬಾಗಿಲು ಹಾಕಿದ್ರೆ ನಮ್ಮವರಿಗೆ ಸ್ವಲ್ಪ ತೆರೀಬಹುದು ಅಂದ್ಕೊಂಡೆ."

ಹಾಗೆ ಅಂದುಕೊಂಡವನು ಅವನೊಬ್ಬನೇ ಅಲ್ಲ. 'ಹೊರಗೆ' ಬಂದರೆ ನಮ್ಮ ಕಡೆಯ ಅಡುಗೆಯವರಿಗೆ ವೀಸಾ ಸಿಗುತ್ತದೆ, ಕರಿ ಹೋಟೆಲುಗಳು ಉಳಿಯುತ್ತವೆ ಎಂದು ಪ್ರೀತಿ ಪಟೇಲ್ ಅಂಥ ನಾಯಕರು ಪ್ರಚಾರ ಮಾಡಿದ್ದರು. ಆಮೇಲೆ ನಮ್ಮ ನಾರಾಯಣ ಮೂರ್ತಿಯವರ ಅಳಿಯ ಎಂದು ಕನ್ನಡ ಟೀವಿಗಳಲ್ಲಿ ಮಿಂಚಿದ ರಿಷಿ ಸುನಕ್ ಕೂಡ ಅಂದು 'ಹೊರಗೆ' ಪಕ್ಷವೇ. ಸ್ಲೌ ಪಟ್ಟಣದಲ್ಲೂ 'ಹೊರಗೆ' ಗೆದ್ದಿತು.

ಫೋನ್ ಇಟ್ಟ ಮೇಲೆ ನಾವು ಆ ಸುದ್ದಿಯನ್ನು ಮೊದಲಿನಿಂದ ಓದಿದೆವು. ಗೂಗಲ್ ಹೇಳಿದ್ದು ಒಕ್ಕೂಟದ ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ಅದು ಮೇಲಿನ ಸ್ಥಾನದಲ್ಲಿದೆ ಎಂದು, ಅಷ್ಟೇ. ಎಷ್ಟು ಮಂದಿ ಹುಡುಕಿದರು, ಅವರು ಮತ ಹಾಕಿದವರೋ ಶಾಲಾ ಮಕ್ಕಳೋ, ಏನೂ ಇರಲಿಲ್ಲ. ಇಡೀ ದೇಶವನ್ನು ದಡ್ಡ ಎನ್ನಲು ನಮಗೆ ಅಷ್ಟೇ ಸಾಕಾಗಿತ್ತು.

ಆಮೇಲೆ ಜನ ನಿಜವಾಗಿ ಏನು ಮಾಡಿದರು, ಏನಂದರು ಎಂದು ಹುಡುಕತೊಡಗಿದೆವು. ಒಂದೊಂದು ಊರೂ ಒಂದೊಂದು ಕಥೆ ಹೇಳಿತು.

ಬೋಸ್ಟನ್ ಎಂಬುದು ಇಂಗ್ಲೆಂಡಿನ ಪೂರ್ವ ಭಾಗದ ಊರು. ಸುತ್ತ ಕೋಸು, ಆಲೂಗೆಡ್ಡೆ ಬೆಳೆಯುವ ಹೊಲಗಳು. 2004ರ ನಂತರ ಪೋಲೆಂಡ್, ಲಿಥುವೇನಿಯಾ ಕಡೆಯಿಂದ ಕೂಲಿಗೆ ಬಂದವರು ಅಲ್ಲಿ ಬಹಳ. ಕೂಲಿ ಏರುತ್ತಿಲ್ಲ, ಬಾಡಿಗೆ ಏರಿತು, ಡಾಕ್ಟರ ಹತ್ತಿರ ಕಾಯಬೇಕು ಎಂಬುದು ಊರವರ ದೂರು. ಶೇ 75ಕ್ಕೂ ಹೆಚ್ಚು ಮತ 'ಹೊರಗೆ' ಬಿತ್ತು. ತೋಟದ ಕೆಲಸಕ್ಕೆ ದೂರದಿಂದ ಬಂದವರ ಬಗ್ಗೆ ಇಂಥದೇ ಮಾತನ್ನು ನಮ್ಮೂರ ಅರಳಿಕಟ್ಟೆಯಲ್ಲೂ ಕೇಳಿದ್ದೇವೆ. ಆ ಕೆಲಸದವರಿಲ್ಲದೆ ಕೊಯ್ಲು ಆಗುವುದಿಲ್ಲ ಎಂಬುದೂ ಎರಡೂ ಕಡೆ ಗೊತ್ತಿರುವ ಸಂಗತಿ.

ಕಾರ್ನ್‌ವಾಲ್ ಎಂಬ ಬಡ ಪ್ರದೇಶಕ್ಕೆ ಒಕ್ಕೂಟದಿಂದಲೇ ರಸ್ತೆ, ಕಾಲೇಜು, ಇಂಟರ್ನೆಟ್‌ಗೆ ದುಡ್ಡು ಬರುತ್ತಿತ್ತು. ಅಲ್ಲೂ 'ಹೊರಗೆ' ಗೆದ್ದಿತು. ಫಲಿತಾಂಶ ಬಂದ ಕೂಡಲೇ ಅಲ್ಲಿನ ಕೌನ್ಸಿಲ್, ನಿಂತುಹೋಗುವ ಆ ಹಣವನ್ನು ಸರ್ಕಾರ ತುಂಬಿಕೊಡಬೇಕು ಎಂದು ಕೇಳಿತು. ಉತ್ತರ ಐರ್ಲೆಂಡಿನಲ್ಲಿ ಜನ ಐರಿಶ್ ಪಾಸ್‌ಪೋರ್ಟಿನ ಅರ್ಜಿಗಾಗಿ ಅಂಚೆ ಕಚೇರಿಗೆ ಮುಗಿಬಿದ್ದರು. ಇನ್ನೊಮ್ಮೆ ಮತದಾನ ಮಾಡಿ ಎಂಬ ಮನವಿಗೆ 41 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ತಮಾಷೆಯೆಂದರೆ, ಆ ಮನವಿಯನ್ನು ಶುರು ಮಾಡಿದ್ದು ಮತದಾನಕ್ಕೂ ಮೊದಲು, 'ಹೊರಗೆ' ಪಕ್ಷದವನೊಬ್ಬ. ತಾವು ಸೋಲುತ್ತೇವೆ ಎಂದು ಅವನಿಗೆ ಹೆದರಿಕೆ! ಸರ್ಕಾರ ಆ ಬೇಡಿಕೆಯನ್ನು ಒಪ್ಪಲಿಲ್ಲ.

ಕೆಟ್ಟದ್ದೂ ನಡೆಯಿತು. ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಪೋಲೆಂಡಿನವರ ಸಾಂಸ್ಕೃತಿಕ ಕೇಂದ್ರದ ಬಾಗಿಲ ಮೇಲೆ ಯಾರೋ ಹೊಲಸು ಮಾತು ಬರೆದರು. ಮರುದಿನದಿಂದ ಅದೇ ಬಾಗಿಲಿಗೆ ಅಕ್ಕಪಕ್ಕದ ಜನ ಹೂವು, ಕಾಗದ ತಂದಿಟ್ಟರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಜುಲೈನ ಜನಾಂಗ, ಧರ್ಮ ದ್ವೇಷದ ಅಪರಾಧಗಳು ಹಿಂದಿನ ವರ್ಷದ ಜುಲೈಗಿಂತ ಶೇ 41 ಹೆಚ್ಚು ದಾಖಲಾದವು. 'ನನ್ನಿಂದ ನಿಮಗೆ ಭಯ ಬೇಡ' ಎಂದು ಹೊರಗಿನಿಂದ ಬಂದವರಿಗೆ ತೋರಿಸಲು ಎಷ್ಟೋ ಜನ ಅಂಗಿಗೆ ಒಂದು ಸೇಫ್ಟಿ ಪಿನ್ ಚುಚ್ಚಿಕೊಂಡು ಓಡಾಡಿದರು. ನಮ್ಮ ಅವ್ವಂದಿರು ಬಳೆಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅದೇ ಪಿನ್ನು.

ಅಣ್ಣನ ಬೀದಿಯಲ್ಲಿ ಅಂಥದ್ದೇನೂ ಆಗಲಿಲ್ಲ. ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯಾತ ಬೇಲಿ ಹತ್ತಿರ ಬಂದು, "ನಾವಿನ್ನು ವಾಪಸ್ ಹೋಗಬೇಕಾಗುತ್ತಾ?" ಎಂದು ಕೇಳಿದರಂತೆ. ಅವರಮ್ಮ ಹಿಂದೆ ನಿಂತಿದ್ದರು. "ಏನೂ ಆಗಲ್ಲ ಬಿಡಿ" ಎಂದ ಅಣ್ಣ. "ನಾನು ಯಾವ ಕಡೆ ಹಾಕಿದೆ ಅಂತ ಅವರು ಕೇಳಲಿಲ್ಲ. ಕೇಳಿದ್ರೆ ಸುಳ್ಳು ಹೇಳ್ತಿದ್ದೆ" ಎಂದು ನಮಗೆ ಹೇಳಿದ.

ಮುಂದಿನ ಸಂಚಿಕೆಯಲ್ಲಿ ನಾವು ತಿದ್ದುಪಡಿ ಹಾಕಲಿಲ್ಲ. ಆ ಧೈರ್ಯ ಬರಲಿಲ್ಲ. ಈ ಬರಹವೇ ಆ ತಿದ್ದುಪಡಿ ಎಂದುಕೊಳ್ಳಿ.

ಬ್ರಿಟನ್ 2020ರ ಜನವರಿ 31ರಂದು ಒಕ್ಕೂಟದಿಂದ ಹೊರಬಂತು. ಹೊರಬಂದದ್ದು ತಪ್ಪಾಯಿತು ಎನ್ನುವವರೇ ಈಗಿನ ಸಮೀಕ್ಷೆಗಳಲ್ಲಿ ಹೆಚ್ಚು. ಪೋಲೆಂಡಿನ ಆ ಮನೆಯವರಿಗೆ ಅಲ್ಲೇ ಉಳಿಯುವ ಹಕ್ಕುಪತ್ರ ಸಿಕ್ಕಿತು, ಅಜ್ಜಿಗೂ ಸಿಕ್ಕಿತು. ಭಾರತದಿಂದ ಓದಲು, ದುಡಿಯಲು ಹೋಗುವವರ ಸಂಖ್ಯೆ ಕೆಲವು ವರ್ಷ ಏರಿತು, ಆಮೇಲೆ ನಿಯಮ ಮತ್ತೆ ಬಿಗಿಯಾಯಿತು. ವಯಸ್ಸಾದ ತಂದೆತಾಯಿಯನ್ನು ಕರೆಸಿಕೊಳ್ಳುವ ನಿಯಮ ಮಾತ್ರ ಸಡಿಲವಾಗಲೇ ಇಲ್ಲ. ದೊಡ್ಡಮ್ಮ ಊರಿನ ಜಗಲಿಯಲ್ಲಿ ಕೂತು ವಿಡಿಯೊ ಕಾಲ್‌ನಲ್ಲೇ ಮೊಮ್ಮಕ್ಕಳನ್ನು ಮಾತಾಡಿಸುತ್ತಾರೆ.

ಅವನು ಹಾಕಿದ ಮತ ಸರಿ ಎಂದು ನಾವು ಹೇಳುತ್ತಿಲ್ಲ. ಅವನಿಗೇ ಈಗ ಹಾಗನಿಸುವುದಿಲ್ಲ. ಆದರೆ ಅವನ ಸಂಕಟ ಸುಳ್ಳಾಗಿರಲಿಲ್ಲ. ಅದನ್ನು ಕೇಳುವ ಮೊದಲೇ ನಾವು ನಕ್ಕುಬಿಟ್ಟಿದ್ದೆವು. ಈಗ ಪಂಚಾಯ್ತಿ ಚುನಾವಣೆ ಮುಗಿದ ಮೇಲೆ ಊರೂರು ಸುತ್ತುವಾಗ 'ಯಾರಿಗೆ ಹಾಕಿದಿರಿ' ಎಂದು ಕೇಳುವುದಿಲ್ಲ. 'ಮನೇಲಿ ಏನು ಸಮಾಚಾರ' ಎಂದು ಶುರು ಮಾಡುತ್ತೇವೆ. ಜನ ತಾವಾಗಿಯೇ ಉಳಿದದ್ದನ್ನು ಹೇಳುತ್ತಾರೆ.

ಇದನ್ನು ಬರೆಯುವ ಮೊದಲು ಅಣ್ಣನನ್ನು ಕೇಳಿದೆವು. "ಬರೀರಿ, ಹೆಸರು ಹಾಕಬೇಡಿ" ಎಂದ. ಪಕ್ಕದ ಮನೆಯವರಿಗೆ ಕನ್ನಡ ಬರುವುದಿಲ್ಲವಲ್ಲ ಎಂದು ತಂಗಿ ನಕ್ಕಳು. ಅವನು ನಗಲಿಲ್ಲ. "ಅವರಮ್ಮ ಈ ವರ್ಷಾನೂ ಟೊಮೆಟೊ ಕೊಟ್ಟು ಕಳಿಸಿದ್ರು ಕಣೇ" ಎಂದ.