ಹೋದ ಕರೆಂಟ್ ವಾಪಸ್ ಬರಬೇಕು (ಮಾವನ ಗಾಡಿ ಸೀರೀಸ್, ಭಾಗ 6)

(1/3)

ಬಿಕಾಂ ಓದೋಳಿಗೆ ಬ್ಯಾಟರಿ ವೈರಿನ ಉಸಾಬರಿ ಯಾಕೆ ಅಂತ ಕೇಳೋಕೆ ಮುಂಚೆ ನೀವು ಒಂದು ಪ್ರಶ್ನೆಗೆ ಉತ್ತರ ಹೇಳಿ. ನಿಮ್ಮ ಮನೆ ಕಾರಿನ ಬ್ಯಾಟರಿಯ ನೆಗೆಟಿವ್‌ನಿಂದ ಹೊರಡೋ ಕಪ್ಪು ವೈರ್ ಎಲ್ಲಿಗೆ ಹೋಗುತ್ತೆ?

"ಅರ್ತ್‌ಗೆ" ಅಂದ್ರೆ ಅರ್ಧ ಮಾರ್ಕ್ಸ್ ಕೊಡ್ತೀನಿ. ಮನೆಯ ಅರ್ತ್ ವೈರ್ ನೆಲದೊಳಗೆ ಇಳಿಯುತ್ತೆ. ಕಾರು ನಿಂತಿರೋದು ನಾಲ್ಕು ರಬ್ಬರ್ ಟೈರ್ ಮೇಲೆ, ಅದರ ಬ್ಯಾಟರಿಗೂ ಮಣ್ಣಿಗೂ ಸಂಬಂಧ ಇಲ್ಲ. ಕಾರಿನಲ್ಲಿ ಅರ್ತ್ ಅಂದ್ರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರೋ ದಾರಿ, ಅಷ್ಟೇ.

ನಮ್ಮ ಕ್ಲಾಸಿನವರಿಗೆ ಇದು ಬೇಗ ಅರ್ಥ ಆಗಬೇಕು. ಪ್ರತಿ ಡೆಬಿಟ್‌ಗೂ ಅಷ್ಟೇ ಮೊತ್ತದ ಕ್ರೆಡಿಟ್ ಇರಲೇಬೇಕು. 1494ರಲ್ಲಿ ಲೂಕಾ ಪಾಚೋಲಿ ಪುಸ್ತಕದಲ್ಲಿ ಅಚ್ಚು ಹಾಕಿಸಿದ ಪದ್ಧತಿ, ಫಸ್ಟ್ ಸೆಮ್‌ನಲ್ಲೇ ಬಾಯಿಪಾಠ ಮಾಡಿದ್ದೀವಿ. ಬ್ಯಾಟರಿಯ ಲೆಕ್ಕವೂ ಹಾಗೇ. ಪಾಸಿಟಿವ್‌ನಿಂದ 150 ಆಂಪಿಯರ್ ಹೊರಟರೆ ನೆಗೆಟಿವ್‌ಗೆ 150 ಆಂಪಿಯರ್ ಬರಬೇಕು. ಒಂದೇ ಒಂದು ಆಂಪಿಯರನ್ನೂ ಸಸ್ಪೆನ್ಸ್ ಅಕೌಂಟಿಗೆ ತಳ್ಳೋಕಾಗಲ್ಲ.

ಕಂಪನಿ ಕಾರಿನಲ್ಲಿ ಈ ವಾಪಸ್ ದಾರಿಯನ್ನ ಯಾರೋ ಇಂಜಿನಿಯರ್ ಮೊದಲೇ ಯೋಚಿಸಿ ಇಟ್ಟಿರ್ತಾರೆ. ಮನೆಯಲ್ಲಿ ಕಟ್ಟಿದ ಗಾಡಿಯಲ್ಲಿ ಅದನ್ನ ಕಟ್ಟಿದವರೇ ಯೋಚಿಸಬೇಕು.

ಹೊಸದಾಗಿ ಓದ್ತಿರೋರಿಗೆ: ನಮ್ಮ ಮಾವ ತಿಪಟೂರು ಕಡೆ ಗೇಟು, ಗ್ರಿಲ್ ವೆಲ್ಡಿಂಗ್ ಮಾಡ್ತಾರೆ. ಬಲಗಾಲಿನ ಮಂಡಿ ಸವೆದು ತೆಂಗಿನ ತೋಟದ ಆ ತುದಿಗೆ ನಡೆಯೋಕಾಗಲ್ಲ. ಅದಕ್ಕೇ ಪೈಪಿನ ಚಾಸಿ, ಫೈಬರ್ ಬಾಡಿ, ಗುಜರಿಯಿಂದ ತಂದ ಮಾರುತಿ 800 ಇಂಜಿನ್ (ಮೂರು ಸಿಲಿಂಡರ್, 796 ಸಿಸಿ) ಸೇರಿಸಿ ತಾವೇ ಒಂದು ಗಾಡಿ ಕಟ್ಟಿದರು. ರಿಜಿಸ್ಟ್ರೇಷನ್ ಇಲ್ಲದ ಗಾಡಿ, ರಸ್ತೆಗೆ ಇಳಿಸೋ ಹಾಗಿಲ್ಲ. ತೋಟದ ಬೇಲಿಯೊಳಗೆ ಮಾತ್ರ.

(2/3)

ಏಪ್ರಿಲ್‌ನಲ್ಲಿ ಗಾಡಿ ಹಠ ಹಿಡೀತು. ಕೀ ತಿರುಗಿಸಿದರೆ "ಟಕ್" ಅನ್ನುತ್ತೆ, ಸುಮ್ಮನಾಗುತ್ತೆ. ಹೆಡ್‌ಲೈಟ್ ಜೋರಾಗಿ ಉರಿಯುತ್ತೆ, ಹಾರ್ನ್ ಕೂಗುತ್ತೆ, ಸೆಲ್ಫ್ ಮೋಟರ್ ಮಾತ್ರ ತಿರುಗಲ್ಲ. ಪೇಟೆಯ ಅಂಗಡಿಯಲ್ಲಿ ಬ್ಯಾಟರಿ ಹೋಗಿದೆ ಅಂದ್ರು. ಕೊಬ್ಬರಿ ಮಾರಿದ ದುಡ್ಡಲ್ಲಿ ಹೊಸ ಬ್ಯಾಟರಿ ಬಂತು. ಮತ್ತೆ ಅದೇ ಟಕ್.

ಮಾವ ಬಿಡದೆ ಐದಾರು ಸಲ ಕೀ ತಿರುಗಿಸಿದರು. ಸುಟ್ಟ ವಾಸನೆ ಬಂತು. ನೋಡಿದರೆ ಕ್ಲಚ್ ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆ ಕರಗಿ ಹೊಗೆ ಬರ್ತಿದೆ. ಅಲ್ಲಿಂದ ಒಂದು ಗೇಣು ದೂರದಲ್ಲಿ ಪೆಟ್ರೋಲ್ ಪೈಪು. ಅತ್ತೆ "ಗುಜರಿಗೆ ಹಾಕಿ ಅತ್ಲಾಗೆ, ಜೀವಕ್ಕಿಂತ ಹೆಚ್ಚಾ ಇದು" ಅಂದ್ರು. ಮಾವ ಮಾತೇ ಆಡಲಿಲ್ಲ. ಆ ವಾರ ಪೂರ್ತಿ ತೋಟಕ್ಕೂ ಹೋಗಲಿಲ್ಲ.

ಟ್ರ್ಯಾಕ್ಟರ್ ವೈರಿಂಗ್ ಮಾಡೋ ತಾತ ಒಬ್ಬರು ಬಂದರು. ಬ್ಯಾಟರಿ ಮುಟ್ಟಲಿಲ್ಲ, ಬೈಯಲಿಲ್ಲ. ಜಂಪರ್ ಕೇಬಲ್ ತಗೊಂಡು ಒಂದು ತುದಿಯನ್ನ ಇಂಜಿನ್ನಿನ ಬೋಳು ಬೋಲ್ಟಿಗೆ, ಇನ್ನೊಂದನ್ನ ಬ್ಯಾಟರಿ ನೆಗೆಟಿವ್‌ಗೆ ಕಚ್ಚಿಸಿದರು. "ಈಗ ತಿರುಗ್ಸವ್ವ" ಅಂದರು ನನಗೆ. ಒಂದೇ ಏಟಿಗೆ ಸ್ಟಾರ್ಟ್!

ಆಗಿದ್ದು ಇಷ್ಟು. ಸೆಲ್ಫ್ ಮೋಟರಿಗೆ ದಪ್ಪ ವೈರ್ ಬರೋದು ಒಂದೇ, ಪಾಸಿಟಿವ್. ವಾಪಸ್ ಕರೆಂಟ್ ಅದರ ಮೈಯಿಂದ ಇಂಜಿನ್‌ಗೆ, ಇಂಜಿನ್‌ನಿಂದ ಬ್ಯಾಟರಿಗೆ ಬರಬೇಕು. ಮಾವ ಬ್ಯಾಟರಿಯನ್ನ ಸೀಟಿನ ಹಿಂದೆ ಇಟ್ಟು ನೆಗೆಟಿವನ್ನ ಚಾಸಿಗೆ ಕೊಟ್ಟಿದ್ದರು. ಇಂಜಿನ್ ಮಾತ್ರ ರಬ್ಬರ್ ಮೌಂಟ್ ಮೇಲೆ ಕೂತಿತ್ತು. ರಬ್ಬರಿನಲ್ಲಿ ಕರೆಂಟ್ ಹರಿಯಲ್ಲ. ಇಂಜಿನ್‌ನಿಂದ ಚಾಸಿಗೆ ವೈರೇ ಇರಲಿಲ್ಲ. ಹಾಗಾದ್ರೆ ಮಾರ್ಚ್‌ವರೆಗೂ ಹೇಗೆ ಓಡ್ತು? ಸೈಲೆನ್ಸರ್ ಪೈಪ್ ಚಾಸಿಗೆ ತಾಗ್ತಾ ಇತ್ತು, ಕರೆಂಟ್ ಅದರ ಮೂಲಕ ಬರ್ತಿತ್ತು. ಗಡಗಡ ಸದ್ದು ನಿಲ್ಲಲಿ ಅಂತ ಮಾವ ಸೈಲೆನ್ಸರ್‌ಗೆ ಹೊಸ ರಬ್ಬರ್ ಹಾಕಿದರು. ಆ ದಾರಿ ಮುಚ್ಚಿತು. ಉಳಿದಿದ್ದು ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್. ಪಾಪ, ಆ ಸಣ್ಣ ಉಕ್ಕಿನ ತಂತಿಗಳು ಸೆಲ್ಫ್ ಮೋಟರಿನ ಕರೆಂಟ್ ಹೊರಬೇಕಾಯ್ತು.

ಹೆಡ್‌ಲೈಟ್ ಯಾಕೆ ಚೆನ್ನಾಗಿ ಉರೀತು ಅಂತ ಕೇಳ್ತೀರಾ? ಕ್ಯಾಲ್ಕುಲೇಟರ್ ತೆಗೀರಿ. ಒಂದು ಕೆಟ್ಟ ಜಾಯಿಂಟಿನ ರೆಸಿಸ್ಟೆನ್ಸ್ 0.02 ಓಮ್ ಅಂತ ಇಟ್ಕೊಳ್ಳಿ. ಎರಡು ಹೆಡ್‌ಲೈಟ್ ಎಳೆಯೋದು ಸುಮಾರು 10 ಆಂಪಿಯರ್. 10 × 0.02 = 0.2 ವೋಲ್ಟ್ ನಷ್ಟ, ಕಣ್ಣಿಗೇ ಗೊತ್ತಾಗಲ್ಲ. ಸೆಲ್ಫ್ 150 ಆಂಪಿಯರ್ ಎಳೆದರೆ ಅದೇ ಜಾಯಿಂಟ್‌ನಲ್ಲಿ 3 ವೋಲ್ಟ್ ಹೋಯ್ತು. 3 × 150 = 450 ವ್ಯಾಟ್ ಬಿಸಿ. ಇಸ್ತ್ರಿಪೆಟ್ಟಿಗೆಯ ಅರ್ಧ ಬಿಸಿ ಒಂದು ಜಾಯಿಂಟ್‌ನಲ್ಲಿ! ಹಾಗಾಗಿ "ಲೈಟ್ ಬರ್ತಿದೆ, ಅರ್ತ್ ಸರಿ ಇದೆ" ಅನ್ನೋ ಮಾತು ನಂಬಬೇಡಿ.

(3/3)

ನಾವು ಮಾಡಿದ್ದನ್ನ ಬರೀತೀನಿ, ಸೇವ್ ಮಾಡ್ಕೊಳ್ಳಿ.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದ್ವಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಉಲ್ಟಾ ಮಾಡಿದರೆ ಪಾಸಿಟಿವ್ ತಿರುಗಿಸೋ ಸ್ಪ್ಯಾನರ್ ಚಾಸಿಗೆ ತಾಗಿ ನೇರ ಶಾರ್ಟ್ ಆಗುತ್ತೆ.

ಬ್ಯಾಟರಿ ನೆಗೆಟಿವ್‌ನಿಂದ ಇಂಜಿನ್‌ಗೆ ನೇರವಾಗಿ 25 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆದ್ವಿ. ಪಾಸಿಟಿವ್ ಎಷ್ಟು ದಪ್ಪವೋ ಇದೂ ಅಷ್ಟೇ ದಪ್ಪ ಇರಬೇಕು, ಹೋಗೋದೂ ಬರೋದೂ ಒಂದೇ ಕರೆಂಟ್ ತಾನೇ. ಇಂಜಿನ್‌ನಿಂದ ಚಾಸಿಗೆ ಇನ್ನೊಂದು ಪಟ್ಟಿ. ಇಂಜಿನ್ ಅಲುಗಾಡುತ್ತೆ, ಅದಕ್ಕೆ ಹೆಣೆದ ತಾಮ್ರದ ಪಟ್ಟಿ ಹಾಕಿ ಸ್ವಲ್ಪ ಸಡಿಲ ಬಿಟ್ವಿ.

ಬೋಲ್ಟ್ ಕೂರೋ ಜಾಗದ ಪೇಂಟ್, ತುಕ್ಕು ಎಲ್ಲ ಉಜ್ಜಿ ಬೋಳು ಲೋಹ ಹೊಳೆಯೋ ತನಕ ಬಿಡಲಿಲ್ಲ. ಪೇಂಟ್ ಮೇಲೆ ಬೋಲ್ಟ್ ಎಷ್ಟು ಬಿಗಿ ಮಾಡಿದರೂ ಪೇಂಟ್ ಪೇಂಟೇ. ಬಿಗಿ ಮಾಡಿದ ಮೇಲೆ ಹೊರಗಿಂದ ವ್ಯಾಸಲೀನ್ ಸವರಿದ್ವಿ, ನೀರು ತಾಗಿ ಮತ್ತೆ ತುಕ್ಕು ಹಿಡಿಯಬಾರದು ಅಂತ.

ಫೈಬರ್ ಬಾಡಿಯಲ್ಲಿ ಕರೆಂಟ್ ಹರಿಯಲ್ಲ. ಆದ್ದರಿಂದ ಪ್ರತಿ ಲೈಟು, ಹಾರ್ನ್‌ಗೂ ಬೇರೆ ಬೇರೆ ನೆಗೆಟಿವ್ ವೈರ್ ತಂದು ಡ್ಯಾಶ್‌ಬೋರ್ಡ್ ಹಿಂದೆ ಒಂದು ತಾಮ್ರದ ಪಟ್ಟಿಗೆ ಸೇರಿಸಿದ್ವಿ. ಆ ಪಟ್ಟಿಯಿಂದ ದಪ್ಪ ವೈರ್ ಒಂದು ಚಾಸಿಗೆ. ಕರಗಿದ ಕ್ಲಚ್ ಕೇಬಲ್ ತೆಗೆದು ಹೊಸದು ಹಾಕಿದ್ವಿ.

ಕೊನೆಗೆ ಆಡಿಟ್. ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಡಿ. ಕೆಂಪು ಕಡ್ಡಿ ಇಂಜಿನ್ ಮೇಲೆ, ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಕ್ಲಾಂಪ್ ಮೇಲೆ ಅಲ್ಲ. ಗೇರ್ ನ್ಯೂಟ್ರಲ್, ಕೈಯಿ, ಕೂದಲು, ದುಪಟ್ಟಾ ಫ್ಯಾನ್ ಬೆಲ್ಟಿಂದ ದೂರ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಆಗ ತೋರಿಸೋ ಅಂಕಿಯೇ ವಾಪಸ್ ದಾರಿಯ ನಷ್ಟ. ಅರ್ಧ ವೋಲ್ಟ್ ದಾಟಿದರೆ ಎಲ್ಲೋ ಜಾಯಿಂಟ್ ಕೆಟ್ಟಿದೆ ಅಂತ ಹುಡುಕಿ. ನಮ್ಮದು ಈಗ 0.2.

ಹಳೇ ಬ್ಯಾಟರಿ ಚಾರ್ಜ್ ಮಾಡಿ ಹಾಕಿದರೆ ಅದರಲ್ಲೂ ಗಾಡಿ ಸ್ಟಾರ್ಟ್ ಆಗುತ್ತೆ. ಅಂದ್ರೆ ಕೊಬ್ಬರಿ ದುಡ್ಡು ಸುಮ್ನೆ ಹೋಯ್ತು. ಕರೆಂಟಿಗೆ ನಾವು ದಾರಿ ಕೊಡದಿದ್ರೆ ಅದು ತನಗೆ ಸಿಕ್ಕ ದಾರೀಲಿ ಹೋಗುತ್ತೆ, ಆ ದಾರಿ ಪೆಟ್ರೋಲ್ ಪೈಪಿನ ಪಕ್ಕದಲ್ಲೂ ಇರಬಹುದು. ಅದಕ್ಕೇ ಹೇಳ್ತೀನಿ, ಗಾಡಿ ಟಕ್ ಅಂದ ತಕ್ಷಣ ಬ್ಯಾಟರಿ ಅಂಗಡಿಗೆ ಓಡಬೇಡಿ. ಕಪ್ಪು ವೈರ್ ಹಿಡ್ಕೊಂಡು ಕೊನೆವರೆಗೂ ಹೋಗಿ ನೋಡಿ.

ಅತ್ತೆ ಈಗ ಗುಜರಿ ಮಾತು ಎತ್ತಲ್ಲ. ಮೊನ್ನೆ ಹುಲ್ಲಿನ ಹೊರೆ ತರೋಕೆ ಅವರೇ ಗಾಡಿ ಹತ್ತಿದ್ರು.

ಗೋ-ಕಾರ್ಟ್ ಕಟ್ತಿರೋ ಇಂಜಿನಿಯರಿಂಗ್ ಫ್ರೆಂಡ್ಸ್ ಯಾರಾದ್ರೂ ಇದ್ರೆ ಟ್ಯಾಗ್ ಮಾಡಿ, ನಿಮ್ಮ ಮೀಟರ್ ಎಷ್ಟು ತೋರಿಸ್ತು ಅಂತ ಕಾಮೆಂಟ್ ಹಾಕಿ. ಮುಂದಿನ ಭಾಗ ಫ್ಯೂಸ್ ಬಾಕ್ಸ್ ಬಗ್ಗೆ, ಇಂಟರ್ನಲ್ಸ್ ಮುಗಿದ ಮೇಲೆ.

#ಮಾವನಗಾಡಿ #ಬಿಕಾಂಹುಡುಗಿ #ಕಪ್ಪುವೈರ್