ಊರು ಬಿಟ್ಟವರಿಗೆ ಅಂಟಿದ ಹೆಸರು

ಎಸ್. ಎಲ್. ಭೈರಪ್ಪನವರ ಹೆಸರಿನ ಮೊದಲಕ್ಷರ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ. ಎಚ್. ಡಿ. ದೇವೇಗೌಡರದು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ. ಅ. ನ. ಕೃಷ್ಣರಾಯರು 1908ರಲ್ಲಿ ಹುಟ್ಟಿದ್ದು ಕೋಲಾರದಲ್ಲಾದರೂ ಅವರ 'ಅ' ಅರಕಲಗೂಡೇ. ನಮ್ಮ ಕಡೆ ಹೆಸರಿನ ಮುಂದೆ ಊರು, ಆಮೇಲೆ ಅಪ್ಪ, ಕೊನೆಗೆ ತಾನು. ಅಡ್ಡಹೆಸರು ಎಂಬುದೊಂದು ಬೇಕು ಎಂದು ಹಳೇ ಮೈಸೂರಿನವರಿಗೆ ಯಾವತ್ತೂ ಅನ್ನಿಸಿದ್ದಿಲ್ಲ.

ನನ್ನ ಹೆಸರಿನ ಮುಂದಿರುವ 'ಎಚ್' ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ. ನನ್ನ ಮುತ್ತಜ್ಜ ಅಲ್ಲಿಂದ ಚನ್ನರಾಯಪಟ್ಟಣದ ಕಡೆಗೆ ಬಂದು ನೆಲೆನಿಂತವರು. ಅಪ್ಪನ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಊರು ಒಂದು ಅಕ್ಷರವಾಯಿತು. ಚಿಕ್ಕಪ್ಪನ ಮಗ ಅಮೆರಿಕಕ್ಕೆ ಹೊರಟಾಗ ಅದು ಅಡ್ಡಹೆಸರಾಯಿತು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಆ ಜಾಗ ಖಾಲಿ ಬಿಟ್ಟವರು ಅಲ್ಲಿ ಇಳಿದ ಮೇಲೆ ಪಡುವ ಪಾಡು ಅವನಿಗೆ ಗೊತ್ತಿತ್ತು. ಹೆಸರಿನ ಒಂದು ಭಾಗ ಇಲ್ಲದವರಿಗೆ ಆ ಸರ್ಕಾರದ ವೀಸಾದಲ್ಲಿ 'ಎಫ್‌ಎನ್‌ಯು' ಎಂಬ ಮೂರಕ್ಷರ ಬೀಳುತ್ತದೆ, ಮೊದಲ ಹೆಸರು ತಿಳಿಯದು ಎಂದು. ಅದಕ್ಕೇ ಅವನು 'ಹಳೇಕೋಟೆ' ಎಂದು ಬರೆದ. ಈಗ ಅವನ ಮಕ್ಕಳು, ಅವನ ಹೆಂಡತಿ ಎಲ್ಲರೂ ಹಳೇಕೋಟೆಗಳೇ.

ಆ ಮಕ್ಕಳಿಗಾಗಿ ವಂಶದ ಪುಸ್ತಕವೊಂದನ್ನು ಮಾಡಿಕೊಡಲು ನಾನು ಹೊರಟೆ. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ನಮ್ಮ ಹೆಸರನ್ನು ಹುಡುಕಿ ಎಳೆ ಹಿಡಿದರೆ ಮುತ್ತಜ್ಜನ ಅಜ್ಜನವರೆಗೂ ಮುಟ್ಟಬಹುದು ಎಂದುಕೊಂಡಿದ್ದೆ. ಆ ಪುಸ್ತಕ ಅಚ್ಚಾಯಿತು. ಅದರಲ್ಲಿ ನಾನು ನಮ್ಮ ಮೂಲಪುರುಷನೆಂದು ಬರೆದ ಮನುಷ್ಯ ನಮ್ಮವನಲ್ಲ. ಅವನು ನಮ್ಮ ಊರಿನವನೂ ಅಲ್ಲ, ನಮ್ಮ ರಾಜ್ಯದ ಪ್ರಜೆಯೂ ಆಗಿರಲಿಲ್ಲ. ಇದು ಹೇಗಾಯಿತು ಎಂಬುದನ್ನು ಬಿಡಿಸಿ ಹೇಳಬೇಕು. ಇದೇ ಕೆಲಸಕ್ಕೆ ಕೈಹಾಕುತ್ತಿರುವ ಕುಟುಂಬಗಳು ಈಗ ಬಹಳ ಇವೆ.

ವಂಶ ಹುಡುಕುವ ದಾರಿ ತೋರಿಸುವ ಪುಸ್ತಕಗಳೆಲ್ಲ ಇಂಗ್ಲೆಂಡಿನವು, ಅಮೆರಿಕದವು. ಅಡ್ಡಹೆಸರನ್ನು ಹಿಡಿದು ಒಂದೊಂದೇ ತಲೆಮಾರು ಹಿಂದಕ್ಕೆ ನಡೆ ಎನ್ನುತ್ತವೆ. ಅವರಿಗೆ ಅದು ಸಲ್ಲುತ್ತದೆ. 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯ ಪ್ರಕಾರ ಅಲ್ಲಿನ ಪ್ರತಿ ಚರ್ಚು ನಾಮಕರಣ, ಮದುವೆ, ಸಾವುಗಳನ್ನು ಬರೆದಿಡಲು ಶುರುಮಾಡಿತು; ಅಷ್ಟು ಹೊತ್ತಿಗೆ ಅಡ್ಡಹೆಸರು ಅಪ್ಪನಿಂದ ಮಗನಿಗೆ ಇಳಿಯುವುದು ಅಲ್ಲಿ ರೂಢಿಯಾಗಿತ್ತು. 1841ರಿಂದ ಜನಗಣತಿಯ ಹಾಳೆಗಳಲ್ಲಿ ಮನೆಮನೆಯವರ ಹೆಸರೂ ಉಳಿದಿದೆ. ಮೈಸೂರು ಸಂಸ್ಥಾನದಲ್ಲಿ ಮೊದಲ ಜನಗಣತಿ ನಡೆದದ್ದು 1871ರಲ್ಲಿ. ಅದರಿಂದ ನಮಗೆ ಸಿಗುವುದು ಊರಿನ ತಲೆಯೆಣಿಕೆ, ಜಾತಿಯ ಲೆಕ್ಕ, ಮನೆಗಳ ಸಂಖ್ಯೆ. ಆ ಮನೆಯೊಳಗೆ ಯಾರಿದ್ದರು ಎಂಬುದು ಸಿಗುವುದಿಲ್ಲ. ನಾನು ಈ ವ್ಯತ್ಯಾಸವನ್ನು ಓದಿಯೂ ಪಕ್ಕಕ್ಕಿಟ್ಟೆ. ಹೆಸರು ಸಿಗುತ್ತದೆ ಎಂಬ ಆಸೆ ಅಷ್ಟಿತ್ತು.

ಲಂಡನ್ನಿಗೆ ಹೋಗಿದ್ದ ನೆಂಟರೊಬ್ಬರು ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ನನಗಾಗಿ ಹುಡುಕಿದರು. ಮದ್ರಾಸಿನ ರೆವೆನ್ಯೂ ಬೋರ್ಡಿನ ನಡವಳಿಗಳ ಒಂದು ಪುಟದ ಫೋಟೋ ಕಳಿಸಿದರು. ಹತ್ತೊಂಬತ್ತನೆಯ ಶತಮಾನದ ಆರಂಭದ ಕಾಗದ, ಓರೆಯಾದ ಸೊಗಸಾದ ಕೈಬರಹ. ಕಾಲುವೆಯ ನೀರು ಬಾರದೆ ಗದ್ದೆ ಒಣಗಿದೆ, ಕಂದಾಯದಲ್ಲಿ ರಿಯಾಯಿತಿ ಕೊಡಬೇಕು ಎಂದು 'ಹಲ್ಲೆಕೋಟಾ'ದ ಗೌಡನೊಬ್ಬ ಬೇಡಿಕೊಂಡದ್ದರ ಸಾರಾಂಶ ಅದರಲ್ಲಿತ್ತು. ಗೌಡನ ಹೆಸರು ನನ್ನ ಮುತ್ತಜ್ಜನ ಹೆಸರೇ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮದು. ಹಾಗಾಗಿ ಆ ಗೌಡ ಮುತ್ತಜ್ಜನ ಅಜ್ಜನೇ ಇರಬೇಕು ಎಂದು ಲೆಕ್ಕ ಹಾಕಿದೆ. ಕಾಲವೂ ಕೂಡಿಬಂತು. ಕಾಲುವೆಯೂ ಕೂಡಿಬಂತು: ಹೊಳೆನರಸೀಪುರದ ಬಳಿ ಹೇಮಾವತಿಗೆ ಕಟ್ಟಿದ ಶ್ರೀರಾಮದೇವರ ಅಣೆಕಟ್ಟೆಯ ನಾಲೆಗಳು ನಮ್ಮ ತಾಲ್ಲೂಕಿನ ಗದ್ದೆಗಳಿಗೆ ನೀರುಣಿಸುತ್ತವೆ. ಬರಹದಲ್ಲಿ ಹೊಳೆಯ ಹೆಸರಿರಲಿಲ್ಲ. ಹೇಮಾವತಿಯೆಂದು ನಾನೇ ತುಂಬಿಕೊಂಡೆ.

ಪುಸ್ತಕದಲ್ಲಿ ಆ ಪುಟದ ಚಿತ್ರವನ್ನೂ ಹಾಕಿದೆ. ನಮ್ಮ ಕವಲೇ ಪಟೇಲಿಕೆಯ ಹಿರಿಯ ಕವಲು ಎಂದು ಬರೆದೆ.

ಹಳೇಕೋಟೆಯ ಕಡೆ ಉಳಿದಿರುವ ನಮ್ಮ ದಾಯಾದಿಗಳನ್ನು ಯಾರೂ ಹಳೇಕೋಟೆಯವರು ಎನ್ನುವುದಿಲ್ಲ. ಅಲ್ಲಿ ಅವರು ಮೇಗಲಮನೆಯವರು, ಕೆಳಗಲಮನೆಯವರು. ನಾವು ಕೆಳಗಲಮನೆಯಿಂದ ಒಡೆದು ಬಂದವರು. ಗ್ರಾಮದೇವತೆಯ ಹಬ್ಬದಲ್ಲಿ ಮೊದಲ ಆರತಿ, ಮೊದಲ ತೀರ್ಥ ಮೇಗಲಮನೆಗೆ ಸಲ್ಲುತ್ತಿತ್ತು. 1961ರ ಗ್ರಾಮಾಧಿಕಾರಗಳ ರದ್ದು ಕಾಯಿದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದು ಪಟೇಲಿಕೆ, ಶಾನುಭೋಗಿಕೆಗಳು ವಂಶದ ಹಕ್ಕಾಗಿ ಉಳಿಯಲಿಲ್ಲ. ಆದರೆ ದೇವರ ಮುಂದಿನ ಮರ್ಯಾದೆಗೆ ಕಾಯಿದೆ ಮುಟ್ಟಲಿಲ್ಲ. ಅದಕ್ಕಾಗಿ ಅಣ್ಣತಮ್ಮಂದಿರು ಮಾತುಬಿಟ್ಟ ಊರುಗಳನ್ನು ಹಾಸನ ಸೀಮೆಯಲ್ಲಿ ಹುಡುಕಬೇಕಾಗಿಲ್ಲ.

ಕೆಳಗಲಮನೆಯ ಹುಡುಗರು ನನ್ನ ಪುಸ್ತಕ ಹಿಡಿದು ಹಬ್ಬದ ಪಂಚಾಯ್ತಿಗೆ ಹೋದರು. ಲಂಡನ್ನಿನ ಕಾಗದವೇ ಇದೆ, ಹಿರಿಯ ಕವಲು ನಮ್ಮದು, ಮೊದಲ ಆರತಿ ನಮಗೆ ಎಂದರು. ಮಾತು ಬೆಳೆಯಿತು. ಆ ವರ್ಷ ಹಬ್ಬ ಎರಡು ಮನೆಯವರೂ ಇಲ್ಲದೆ ನಡೆಯಿತು. ನನಗೆ ಸುದ್ದಿ ತಿಳಿದದ್ದು ಆಮೇಲೆ. ಹೋಗಿ ವಿವರಿಸಿದರೆ ಸರಿಹೋಗುತ್ತದೆ ಎಂದುಕೊಂಡು ಮೇಗಲಮನೆಯ ದೊಡ್ಡಪ್ಪನ ಹತ್ತಿರ ಹೋದೆ. ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು ಅವರು. ಬಯ್ಯಲಿಲ್ಲ. ಪುಸ್ತಕದ ಆ ಪುಟ ತೆಗೆದು, ಕನ್ನಡಕ ಏರಿಸಿ ನೋಡಿದರು.

"ಈ ಕಾಗದ ಯಾವ ಸರ್ಕಾರದ್ದಪ್ಪಾ?"

"ಮದ್ರಾಸಿಂದು ದೊಡ್ಡಪ್ಪ. ಕಂಪನಿ ಸರ್ಕಾರ."

"ಆವಾಗ ನಮ್ಮೂರಿನ ಕಂದಾಯ ಕಂಪನಿಗೆ ಯಾಕೆ ಹೋಗ್ತಿತ್ತು? ಪೂರ್ಣಯ್ಯನೋರ ಕಾಲ ಅಲ್ವಾ ಅದು?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಹಾಸನ ಸೀಮೆ ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರಿಗೆ ಸೇರಿತು. 1811ರವರೆಗೆ ದಿವಾನ್ ಪೂರ್ಣಯ್ಯನವರ ಆಡಳಿತ. ಹೊಳೆನರಸೀಪುರದ ಒಬ್ಬ ಗೌಡ ಕಂದಾಯದ ರಿಯಾಯಿತಿ ಕೇಳಬೇಕಾದರೆ ಅಮಲ್ದಾರನನ್ನು ಕೇಳಬೇಕು. ಮದ್ರಾಸಿನ ಬೋರ್ಡಿಗೂ ಅವನಿಗೂ ಸಂಬಂಧವೇ ಇಲ್ಲ. ಆ ಕಾಲದ ಮೈಸೂರಿನ ಲೆಕ್ಕಪತ್ರ ನಡೆಯುತ್ತಿದ್ದದ್ದು ಕನ್ನಡದಲ್ಲಿ, ಮರಾಠಿಯಲ್ಲಿ. ಇಂಗ್ಲಿಷ್ ಕಡತಗಳು ದಪ್ಪವಾಗುವುದು 1831ರಲ್ಲಿ ರಾಜ್ಯ ಕಮಿಷನರರ ಕೈಗೆ ಹೋದ ಮೇಲೆ, ಮಾರ್ಕ್ ಕಬ್ಬನ್ನರ ಕಾಲದಲ್ಲಿ. ಆಗಲೂ ಇಂಗ್ಲಿಷಿನಲ್ಲಿ ಬರೆಯುತ್ತಿದ್ದದ್ದು ಮೇಲಿನ ಕಚೇರಿಗಳವರು. ಅಮಲ್ದಾರ, ಶೇಕದಾರರಿಂದ ಕೆಳಗೆ, ಊರಿನ ಶಾನುಭೋಗನವರೆಗೆ, ಎಲ್ಲ ಕನ್ನಡವೇ. ನನ್ನ ಮುತ್ತಜ್ಜನಂಥ ಬೇಸಾಯಗಾರ ಇಂಗ್ಲಿಷ್ ಕಾಗದದಲ್ಲಿ ಕಾಣಿಸಬೇಕಾದರೆ ಅವನ ಮೇಲೆ ದೊಡ್ಡ ಮೊಕದ್ದಮೆ ಇರಬೇಕಿತ್ತು, ಇಲ್ಲವೇ ಅವನೊಂದು ದಂಗೆಯಲ್ಲಿರಬೇಕಿತ್ತು.

ಹಾಗಾದರೆ ಆ ಪುಟದ ಹಳೇಕೋಟೆ ಯಾವುದು? ನೆಂಟರನ್ನು ಕೇಳಿ ಆ ಸಂಪುಟದ ಹಿಂದುಮುಂದಿನ ಪುಟಗಳನ್ನೂ ತರಿಸಿಕೊಂಡೆ. ಅದು ಬಿಟ್ಟುಕೊಟ್ಟ ಜಿಲ್ಲೆಗಳ ಭಾಗ. 1800ರಲ್ಲಿ ನಿಜಾಮರು ಕಂಪನಿಗೆ ಒಪ್ಪಿಸಿದ, ಥಾಮಸ್ ಮನ್ರೋ ಕಲೆಕ್ಟರಾಗಿ ಆಳಿದ ಬಳ್ಳಾರಿ ಸೀಮೆ. ಸಿರುಗುಪ್ಪದ ಕಡೆಯೂ ಒಂದು ಹಳೇಕೋಟೆ ಇದೆ. ಅಲ್ಲೂ ಹೊಳೆ ಇದೆ, ತುಂಗಭದ್ರೆ. ವಿಜಯನಗರದ ಅರಸರ ಕಾಲದಿಂದ ಹರಿಯುವ ಕಾಲುವೆಗಳೂ ಇವೆ. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ. ಅಲ್ಲಿಯವರೆಗೆ ಆ ಹಳೇಕೋಟೆಯೂ ನಮ್ಮ ಹಳೇಕೋಟೆಯೂ ಬೇರೆ ಬೇರೆ ಸರ್ಕಾರಗಳಿಗೆ ಕಂದಾಯ ಕಟ್ಟಿದ ಊರುಗಳು. ಹಳೆಯದೊಂದು ಕೋಟೆ, ಅದರ ಪಕ್ಕದಲ್ಲೊಂದು ಊರು ಇದ್ದ ಕಡೆಯಲ್ಲೆಲ್ಲ ಈ ಹೆಸರು ಹುಟ್ಟಬಹುದು. ಇದು ಹೊಳೆಯದ ಸಂಗತಿಯೇನಲ್ಲ, ಗೊತ್ತಿದ್ದದ್ದೇ. ಪುಟದ ನೆತ್ತಿಯ ಮೇಲಿನ ಸಾಲನ್ನು ತರಿಸಿಕೊಳ್ಳದೆ, ನಡುವಿನ ಹೆಸರನ್ನು ಮಾತ್ರ ನಾನು ಓದಿದ್ದೆ.

ಇದಕ್ಕಿಂತ ಆಳದ ತಪ್ಪು ಇನ್ನೊಂದಿತ್ತು. ಅದು ಅರ್ಥವಾಗಲು ಇನ್ನಷ್ಟು ಸಮಯ ಹಿಡಿಯಿತು. ಊರಿನ ಹೆಸರು ಅಂಟುವುದು ಊರು ಬಿಟ್ಟವರಿಗೆ. ಚನ್ನರಾಯಪಟ್ಟಣಕ್ಕೆ ಬಂದಿಳಿದ ಮೇಲೆ ನನ್ನ ಮುತ್ತಜ್ಜ ಹಳೇಕೋಟೆಯವನಾದ. ಅದಕ್ಕೆ ಮುಂಚೆ ಆತ ಕೆಳಗಲಮನೆಯವನು ಅಷ್ಟೆ. ಹಳೇಕೋಟೆಯಿಂದ ಹೊರಟ ಶಾನುಭೋಗರ ಮನೆಯವರೂ, ಅಗಸರ ಮನೆಯವರೂ, ಸಾಬರ ಮನೆಯವರೂ ಬೇರೆ ಊರಿನಲ್ಲಿ ಹಳೇಕೋಟೆಯವರೇ ಆದರು. ಒಂದೇ ಹೆಸರು, ರಕ್ತ ಬೇರೆ. ಹಾಗೆಯೇ ಒಂದೇ ರಕ್ತದವರು ಹೆಸರು ಬೇರೆಯಾಗಿ ಚದುರಿದ್ದಾರೆ: ಮುತ್ತಜ್ಜನ ತಮ್ಮ ಅರಕಲಗೂಡಿನ ಕಡೆ ಹೆಂಡತಿಯ ಊರಿನಲ್ಲಿ ಮನೆಯಳಿಯನಾಗಿ ನಿಂತ, ಅವನ ಮೊಮ್ಮಕ್ಕಳ ಮೊದಲಕ್ಷರ ಈಗ ಬೇರೆ. ಬಿ. ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟ ಹಾಸನ ಜಿಲ್ಲೆಯ ಶಾಸನಗಳದು. ಅದರಲ್ಲಿನ ದಾನಶಾಸನ, ವೀರಗಲ್ಲುಗಳಲ್ಲೂ ಗವುಡರು ಬರುತ್ತಾರೆ. ಇಂಥ ಊರಿನ ಇಂಥ ಗವುಡ, ಇಂಥವನ ಮಗ ಎಂದೇ ಬರುತ್ತಾರೆ. ಹೊಯ್ಸಳರ ಕಾಲದಿಂದ ದೇವೇಗೌಡರ ತನಕ ಹೆಸರಿಡುವ ಕಟ್ಟು ಒಂದೇ ಇದೆ. ನಾನು ಪಾಸ್‌ಪೋರ್ಟಿನ ಒಂದು ಖಾನೆಯನ್ನು ಹಿಡಿದುಕೊಂಡು ಅದನ್ನು ಮುರಿಯಲು ಹೋಗಿದ್ದೆ.

ಊರಿನ ಹೆಸರೂ ನಿಂತಲ್ಲಿ ನಿಲ್ಲುವುದಿಲ್ಲ. ಗೆಜೆಟಿಯರಿನ ಪ್ರಕಾರ ಚನ್ನರಾಯಪಟ್ಟಣದ ಮೊದಲ ಹೆಸರು ಕೊಳತೂರು. ಸುಮಾರು 1600ರಲ್ಲಿ ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪ ನಾಯಕ ಅದನ್ನು ವಶಪಡಿಸಿಕೊಂಡು ಮಗ ಚನ್ನರಾಯನಿಗೆ ಕೊಟ್ಟ. ಅದಕ್ಕಿಂತ ಹಿಂದೆ ಅಲ್ಲಿಂದ ವಲಸೆ ಹೋದ ಮನೆತನವೊಂದಿದ್ದರೆ ಅವರ ಹೆಸರಿನ ಮುಂದೆ ಈಗಲೂ ಕೊಳತೂರೇ ಇದ್ದೀತು.

ದೊಡ್ಡಪ್ಪನೇ ನನ್ನನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಕಡೆಗೆ ತಿರುಗಿಸಿದರು. "ಮನುಷ್ಯನ್ನ ಹುಡುಕ್ಬೇಡ, ಹೊಲ ಹುಡುಕು" ಎಂದರು. ಮೈಸೂರಿನಲ್ಲಿ ಭೂಮಿ ಸರ್ವೆ ಮತ್ತು ಸೆಟ್ಲ್‌ಮೆಂಟ್ ಶುರುವಾದದ್ದು 1860ರ ದಶಕದಲ್ಲಿ, ಬೌರಿಂಗ್ ಕಮಿಷನರಾಗಿದ್ದಾಗ, ಬೊಂಬಾಯಿಯ ಮಾದರಿಯಲ್ಲಿ. ಅಂದಿನಿಂದ ಪ್ರತಿ ಹೊಲಕ್ಕೂ ಸರ್ವೆ ನಂಬರು. ಜನ ಊರು ಬದಲಿಸುತ್ತಾರೆ, ಹೆಸರು ಬದಲಿಸುತ್ತಾರೆ. ಸರ್ವೆ ನಂಬರು ಹಿಸ್ಸೆಯಾಗಿ ಒಡೆಯುತ್ತದೆಯೇ ಹೊರತು ಎದ್ದು ಹೋಗುವುದಿಲ್ಲ. ಇಂದಿನ ಪಹಣಿಯಿಂದ ಮ್ಯುಟೇಷನ್, ಅದರಿಂದ ಹಕ್ಕುದಾಖಲೆಯ ಆರ್.ಆರ್., ಇಂಡೆಕ್ಸ್ ಆಫ್ ಲ್ಯಾಂಡ್ಸ್, ಅಲ್ಲಿಂದ ಹಿಂದಕ್ಕೆ ಆಕಾರ್‌ಬಂದ್, ಮೂಲ ಟಿಪ್ಪಣಿ. ಒಂದೊಂದು ಕಡೆ ಖಾತೆ ಬದಲಾದಾಗಲೂ ಇವನಿಂದ ಇವನಿಗೆ, ಅಪ್ಪನಿಂದ ಮಗನಿಗೆ, ಕ್ರಯದಿಂದ, ಭಾಗದಿಂದ ಎಂದು ಕಾರಣ ಬರೆದಿರುತ್ತಾರೆ. ಹೆಣ್ಣುಮಕ್ಕಳ ಹೆಸರು ಬರುವುದೂ ಇಲ್ಲೇ. ಗಂಡ ಸತ್ತು ಮಗ ಚಿಕ್ಕವನಿದ್ದಾಗ ಖಾತೆ ತಾಯಿಯ ಹೆಸರಿಗೆ ಆಗುತ್ತದೆ. ನಾನು ಅಚ್ಚು ಹಾಕಿಸಿದ ಪುಸ್ತಕದಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ಕೆಳಗಲಮನೆಯ ಗದ್ದೆಯನ್ನು ಉಳಿಸಿಕೊಂಡವಳು ಒಬ್ಬ ವಿಧವೆ ಎಂದು ಖಾತೆಯಿಂದ ತಿಳಿಯಿತು. ಅವಳೇ ನನ್ನ ಮುತ್ತಜ್ಜನ ತಾಯಿ. ಹೆಸರು ಕಂಡದ್ದೇ ನಾನು ಕೈಮುಗಿದೆ, ಗುಮಾಸ್ತರು ನೋಡುತ್ತಿದ್ದರೂ.

ಅವಳ ಗಂಡನ ಅಪ್ಪನ ಹೆಸರು ಸಿಕ್ಕಿದೆ. ಅದರಾಚೆಗೆ ನಾನು ಹೋಗಲಾರೆ. ಹಿರಿಯ ಕವಲು ಯಾವುದು ಎಂಬುದಕ್ಕೆ ಆ ಕಾಗದಗಳಲ್ಲಿ ಉತ್ತರವೇ ಇಲ್ಲ.

ಎರಡೂ ಮನೆಯವರನ್ನು ಸೇರಿಸಿ ಇದನ್ನು ಹೇಳಿದೆ. ಲಂಡನ್ನಿನ ಕಾಗದ ನಮ್ಮದಲ್ಲ ಎಂದಾಗ ಕೆಳಗಲಮನೆಯ ಒಬ್ಬ ಹುಡುಗ, "ಅಣ್ಣ, ಅಚ್ಚು ಹಾಕ್ಸೋಕೆ ಮುಂಚೆ ಇವ್ರನ್ನ ಕೇಳ್ಬಾರ್ದಿತ್ತಾ?" ಎಂದ. ಕೇಳಬೇಕಿತ್ತು. ಅಚ್ಚಾದ ಪ್ರತಿಗಳನ್ನು ಮನೆಮನೆಯಿಂದ ವಾಪಸು ಪಡೆಯಲು ತಿರುಗಿದೆ. ಕೆಲವರು ಕೊಟ್ಟರು, ಕೆಲವರು ಕೊಡಲಿಲ್ಲ. ಕೊಡದವರಲ್ಲಿ ಒಬ್ಬರು ಆ ಪುಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಮಗನ ಮದುವೆಗೆ ಹೆಣ್ಣಿನ ಕಡೆಯವರು ಬಂದಾಗ ತೋರಿಸಿದ್ದಾರಂತೆ. ಅದನ್ನು ಇಳಿಸಿ ಎಂದು ಬೇಡಿಕೊಂಡೆ, ಇಳಿಸಿಲ್ಲ. ಬರೆದವನ ಕೈಯಿಂದ ತಪ್ಪು ಹೊರಬಿದ್ದ ಮೇಲೆ ಅದು ಇನ್ನೊಬ್ಬರ ಅಭಿಮಾನವಾಗಿಬಿಡುತ್ತದೆ ಎಂಬುದನ್ನು ನಾನು ಎಣಿಸಿರಲಿಲ್ಲ.

ಈಗ ಹೊಸ ವಂಶವೃಕ್ಷ ಕೈಬರಹದಲ್ಲಿದೆ. ಪ್ರತಿ ಹೆಸರಿನ ಪಕ್ಕದಲ್ಲಿ ಸರ್ವೆ ನಂಬರು, ಅದು ಸಿಕ್ಕ ಪುಸ್ತಕ, ಯಾರು ಹೇಳಿದ್ದು ಎಂಬ ಟಿಪ್ಪಣಿ. ಹೇಳಿಕೆಯಿಂದ ಮಾತ್ರ ಗೊತ್ತಾದ ಹೆಸರುಗಳನ್ನು ಬೇರೆ ಬಣ್ಣದಲ್ಲಿ ಬರೆದಿದ್ದೇನೆ. ಮೇಗಲಮನೆಯ ದೊಡ್ಡಪ್ಪ ಪ್ರತಿ ಹಾಳೆಯನ್ನೂ ಓದಿ ಮೂಲೆಯಲ್ಲಿ ಸಹಿ ಹಾಕುತ್ತಿದ್ದಾರೆ, ಒಪ್ಪದ ಕಡೆ ಒಪ್ಪಿಲ್ಲ ಎಂದೇ ಬರೆಯುತ್ತಾರೆ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಇನಾಂ ಕಡತಗಳನ್ನು ನೋಡುವುದು ಬಾಕಿ ಇದೆ. ದೇವಸ್ಥಾನಕ್ಕೆ ಬಿಟ್ಟ ಭೂಮಿಯ ವಿಚಾರಣೆಯಲ್ಲಿ ಊರಿನ ಹಿರಿಯರ ಹೇಳಿಕೆ ಬರೆದುಕೊಂಡಿರುತ್ತಾರೆ, ಅಲ್ಲಿ ಯಾರಾದರೂ ಸಿಗಬಹುದು. ಅಮೆರಿಕದ ಮಕ್ಕಳಿಗೆ ಸದ್ಯಕ್ಕೆ ಆ ವಿಧವೆಯ ಹೆಸರನ್ನೂ, ಅವಳ ಗದ್ದೆಯ ಸರ್ವೆ ನಂಬರನ್ನೂ ಬರೆದು ಕಳಿಸಿದ್ದೇನೆ. ಬೇಸಗೆ ರಜಕ್ಕೆ ಬಂದಾಗ ಆ ಗದ್ದೆ ನೋಡಬೇಕು ಎಂದು ಅವರು ಉತ್ತರ ಬರೆದಿದ್ದಾರೆ. ಗದ್ದೆ ಈಗ ಮೇಗಲಮನೆಯವರ ಕೈಯಲ್ಲಿದೆ. ಕರೆದುಕೊಂಡು ಹೋಗಲು ಅವರ ಅನುಮತಿ ಕೇಳಿದ್ದೇನೆ.